ನೀರು ತುಂಬಿಸದ ಪಂಪು



ನಮ್ಮ ತಂದೆಯವರ ಹೊಲದಲ್ಲಿ ಒಂದು ತೆರೆದ ಬಾವಿ ಇತ್ತು. ಅದರ ದಡದ ಮೇಲೆ ಪುಟ್ಟದೊಂದು ಹೆಂಚಿನ ಗೂಡು, ಗೂಡಿನೊಳಗೆ ವಿದ್ಯುತ್ ಪಂಪು. ಬೇಸಾಯದ ಮನೆಗಳಲ್ಲಿ ಬೆಳೆದವರಿಗೆ ನಾನು ವಿವರಿಸಬೇಕಾಗಿಲ್ಲ. ಬಾವಿಯ ದಡದಲ್ಲಿ ಕುಳಿತ ಪಂಪು ತಾನಾಗಿ ನೀರನ್ನು ಮೇಲಕ್ಕೆಳೆಯಲಾರದು. ಮೊದಲು ಅದರ ಹೊಟ್ಟೆಗೂ ಕೆಳಗಿಳಿದ ಕೊಳವೆಗೂ ಬಿಂದಿಗೆಯಿಂದ ನೀರು ತುಂಬಿಸಿ, ಒಳಗಿನ ಗಾಳಿಯೆಲ್ಲ ಹೊರಹೋದ ಮೇಲೆಯೇ ಮೋಟರನ್ನು ಚಾಲೂ ಮಾಡಬೇಕು. ಆದರೆ ಕೊಳವೆಯ ತುದಿಯಲ್ಲಿ ಫುಟ್‌ವಾಲ್ವ್ ಎಂಬುದೊಂದಿರುತ್ತದೆ. ನಮ್ಮೂರಿನವರ ಬಾಯಲ್ಲಿ ಅದು ‘ಫುಟ್‌ಬಾಲ್’. ಒಮ್ಮೆ ತುಂಬಿಸಿದ ನೀರನ್ನು ಅದು ಕೆಳಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಯಾರೂ ಬಿಂದಿಗೆ ಎತ್ತಬೇಕಾಗಿ ಬರುವುದಿಲ್ಲ. ನಮ್ಮ ಮನೆಯಲ್ಲಂತೂ ಪಂಪಿಗೆ ನೀರು ತುಂಬಿಸುವ ಕೆಲಸವೊಂದಿದೆ ಎಂಬುದೇ ಎಲ್ಲರಿಗೂ ಮರೆತುಹೋಗಿತ್ತು.

ಒಂದು ಬೇಸಿಗೆಯಲ್ಲಿ ತಂದೆಯವರು ಕೊಳವೆಯನ್ನು ಮೇಲೆತ್ತಿಸಿ ಹೊಸ ಫುಟ್‌ವಾಲ್ವ್ ಹಾಕಿಸಿದರು. ಮರುದಿನ ಮುಂಜಾನೆ ಮೋಟರು ತಿರುಗಿದ್ದೇ ತಿರುಗಿದ್ದು, ಹನಿ ನೀರೂ ಬರಲಿಲ್ಲ. “ಹೊಸದು ಕೆಟ್ಟದ್ದು, ಹಳೆಯದೇ ಚೆನ್ನಾಗಿತ್ತು” ಎಂದು ನಾವು ಮಕ್ಕಳು ತೀರ್ಪು ಕೊಟ್ಟುಬಿಟ್ಟೆವು. ತಾಯಿ ಏನೂ ಹೇಳದೆ ಬಿಂದಿಗೆ ಹಿಡಿದುಕೊಂಡು ಬಂದರು.

ಈ ಬಿಂದಿಗೆ ನನಗೆ ಮತ್ತೆ ನೆನಪಾದುದು 2011ರ ಮಳೆಗಾಲದಲ್ಲಿ, ಧರ್ಮಕೇಂದ್ರದ ಗುರುನಿವಾಸದಲ್ಲಿ, ಒಂದು ಕಂಪ್ಯೂಟರಿನ ಮುಂದೆ. ಅದನ್ನೇ ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ವಿಷಯ ತಾಂತ್ರಿಕವೆಂದು ಪುಟ ಮಗುಚಬೇಡಿ. ಅದರಲ್ಲಿ ನನ್ನ ತಪ್ಪೊಂದಿದೆ. ಅದನ್ನು ಹೇಳದೆ ಉಳಿದ ಕಥೆಯನ್ನು ಹೇಳಲು ಬರುವುದಿಲ್ಲ.

2003ರಿಂದ 2006ರವರೆಗೆ ನಾನು ಉನ್ನತ ವ್ಯಾಸಂಗಕ್ಕಾಗಿ ರೋಮಿನಲ್ಲಿದ್ದೆ. ಅಲ್ಲಿ ನಮ್ಮ ವಸತಿಗೃಹದಲ್ಲಿ ಜರ್ಮನಿಯ ಒಬ್ಬ ಗುರುಗಳಿದ್ದರು. ಊಟದ ಮೇಜಿನಲ್ಲಿ ತತ್ವಶಾಸ್ತ್ರಕ್ಕಿಂತ ಕಂಪ್ಯೂಟರಿನ ಮಾತನ್ನೇ ಹೆಚ್ಚಾಗಿ ಆಡುತ್ತಿದ್ದವರು. ನಮ್ಮಲ್ಲಿ ನಾಲ್ಕೈದು ಮಂದಿಗೆ ಲಿನಕ್ಸ್ ಕಲಿಸಿದವರು ಅವರೇ. ಇ-ಮೇಲಿಗೆ ಬೀಗ ಹಾಕುವುದನ್ನು ಕಲಿಸಿದವರೂ ಅವರೇ. ಬೀಗವಿಲ್ಲದ ಇ-ಮೇಲು ಅಂಚೆ ಕಾರ್ಡಿನಂತೆ, ದಾರಿಯಲ್ಲಿ ಅದನ್ನು ಮುಟ್ಟುವ ಪ್ರತಿಯೊಂದು ಯಂತ್ರದಲ್ಲೂ ಅದನ್ನು ಓದಬಹುದು ಎಂದು ಅವರು ಹೇಳುತ್ತಿದ್ದರು. ಇಂದು ಒಂದು ಸರ್ವರಿನಿಂದ ಮತ್ತೊಂದು ಸರ್ವರಿಗೆ ಹೋಗುವ ದಾರಿ ಬಹುಮಟ್ಟಿಗೆ ಮುಚ್ಚಿದ ದಾರಿಯೇ ಆಗಿದೆಯಾದರೂ, ಸರ್ವರಿನೊಳಗೆ ಬಂದು ಕುಳಿತ ಪತ್ರ ಈಗಲೂ ತೆರೆದೇ ಇರುತ್ತದೆ.

ಆ ಬೀಗದ ಉಪಾಯವನ್ನು ನಮ್ಮ ದೇವಾಲಯದ ಕಾಣಿಕೆ ಪೆಟ್ಟಿಗೆಯಿಂದ ಸುಲಭವಾಗಿ ತಿಳಿಯಬಹುದು. ಪೆಟ್ಟಿಗೆಯ ಸೀಳಿನೊಳಗೆ ಯಾರು ಬೇಕಾದರೂ ಹಾಕಬಹುದು; ತೆರೆಯುವುದು ಮಾತ್ರ ಬೀಗದ ಕೈ ಉಳ್ಳವರಿಗೇ ಸಾಧ್ಯ. ಇಲ್ಲಿಯೂ ಹಾಗೆಯೇ. ಪ್ರತಿಯೊಬ್ಬರೂ ತಮ್ಮ ಪೆಟ್ಟಿಗೆಯನ್ನು ಲೋಕಕ್ಕೆಲ್ಲ ಹಂಚುತ್ತಾರೆ, ಕೀಲಿಯನ್ನು ತಾವೇ ಇಟ್ಟುಕೊಳ್ಳುತ್ತಾರೆ. ಅಮೆರಿಕದ ಫಿಲ್ ಝಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಎಂಬ ಹೆಸರಿನಲ್ಲಿ ಇಂತಹ ತಂತ್ರಾಂಶವನ್ನು ಸಾಮಾನ್ಯ ಜನರ ಕೈಗೆ ಕೊಟ್ಟರು. ಜರ್ಮನಿಯ ವರ್ನರ್ ಕೋಖ್ ಎಂಬವರು 1997ರಲ್ಲಿ ಅದೇ ಕೆಲಸ ಮಾಡುವ ಗ್ನೂಪಿಜಿಯನ್ನು, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶವಾಗಿ ಬರೆಯಲು ತೊಡಗಿ, 1999ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದರು. ಲೋಕದ ಎಷ್ಟೋ ಗುಟ್ಟುಗಳನ್ನು ಕಾಯುತ್ತಿದ್ದ ಈ ಮನುಷ್ಯ ಹಣದ ಅಭಾವದಲ್ಲಿ ಹೆಚ್ಚುಕಡಿಮೆ ಒಬ್ಬರೇ ದುಡಿಯುತ್ತಿದ್ದರೆಂಬುದು 2015ರಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಆಮೇಲೆ ದೊಡ್ಡ ಕಂಪನಿಗಳೆರಡು ವರ್ಷಕ್ಕೆ ತಲಾ 50 ಸಾವಿರ ಡಾಲರು ಕೊಡಲು ಮುಂದಾದವು. ನಮ್ಮ ಊರುಗಳಲ್ಲೂ ದೇವಾಲಯದ ಗಂಟೆ ಹೊಡೆಯುವವನ ಸಂಬಳ ನೆನಪಾಗುವುದು ಅವನು ಹಾಸಿಗೆ ಹಿಡಿದ ಮೇಲೆಯೇ ಅಲ್ಲವೇ?

ಈಗ ನನ್ನ ಕಥೆಗೆ ಬರುತ್ತೇನೆ. ರೋಮಿನ ನಮ್ಮ ಆ ಗುಂಪಿನ ಇನ್ನೊಬ್ಬ ಗುರುಗಳು 2011ರಲ್ಲಿ ಕೊಲ್ಲಿಯ ಒಂದು ದೇಶದಲ್ಲಿ ಸೇವೆಯಲ್ಲಿದ್ದರು. ನಮ್ಮ ಧರ್ಮಕೇಂದ್ರದ ಒಬ್ಬ ಹೆಣ್ಣುಮಗಳು ಅದೇ ಊರಿಗೆ ಮನೆಗೆಲಸಕ್ಕೆ ಹೋಗಿ ಸಂಕಟಕ್ಕೆ ಸಿಕ್ಕಿದ್ದಳು. ಎಂಟು ತಿಂಗಳ ಸಂಬಳವಿಲ್ಲ. ಪಾಸ್‌ಪೋರ್ಟು ಮನೆಯ ಯಜಮಾನನ ಕಪಾಟಿನಲ್ಲಿ. ಅವಳು ಯಾವ ದಿನ, ಯಾವ ಹೊತ್ತಿನಲ್ಲಿ, ಯಾರ ಜೊತೆ ಮನೆಯಿಂದ ಹೊರಟು ಭಾರತೀಯ ರಾಯಭಾರ ಕಚೇರಿಯನ್ನು ಸೇರಬೇಕೆಂಬುದನ್ನು ನಾವಿಬ್ಬರೂ ಪತ್ರಗಳಲ್ಲಿ ಗೊತ್ತುಮಾಡುತ್ತಿದ್ದೆವು. ಇಂತಹ ಪತ್ರ ಯಾರ ಕಣ್ಣಿಗೆ ಬೀಳಬಾರದೋ ಅವರ ಕಣ್ಣಿಗೆ ಬಿದ್ದರೆ ಏನಾಗುತ್ತಿತ್ತೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ದಿನಗಳಲ್ಲೇ ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಬದಲಾಯಿಸಿದೆ. ಬದಲಾಯಿಸಲು ಎಂತಹ ಹೊತ್ತನ್ನು ಆರಿಸಿಕೊಂಡೆ ನೋಡಿ! ಮರುದಿನ ಪತ್ರ ಬರೆದು ಬೀಗ ಹಾಕಲು ಹೋದರೆ ಮೇಲ್ ತಂತ್ರಾಂಶ ಎರಡೇ ಪದಗಳ ಉತ್ತರ ಕೊಟ್ಟಿತು: ‘ನಾಟ್ ಆಪರೇಷನಲ್’. ಕಾರ್ಯಸಿದ್ಧವಲ್ಲ. ಗುಪ್ತಪದವನ್ನು ತಪ್ಪಾಗಿ ಒತ್ತಿದೆನೇನೋ ಎಂದುಕೊಂಡೆ. ಕೀಲಿಯ ಅವಧಿ ಮುಗಿಯಿತೇನೋ ಎಂದುಕೊಂಡೆ. ಎರಡು ದಿನ ಹೀಗೆಯೇ ಕಳೆಯಿತು. ಮೂರನೆಯ ದಿನ ಸಂಜೆ ಒಂದು ಉತ್ತರ ಹೋಗಲೇಬೇಕಾಗಿತ್ತು. ತಂತ್ರಾಂಶವು ‘ಬೀಗವಿಲ್ಲದೆ ಕಳುಹಿಸಬೇಕೇ?’ ಎಂದು ಕೇಳಿತು. ಹೌದು ಎಂದು ಒತ್ತಿದೆ. ಪತ್ರ ಹೋಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಉಪದೇಶಿಯವರ ಮಗ ಆ ವರ್ಷ ಎಂಜಿನಿಯರಿಂಗ್ ಮುಗಿಸಿ, ಕೆಲಸದ ಕರೆಗಾಗಿ ಕಾಯುತ್ತ ಮನೆಯಲ್ಲಿದ್ದ. ಮಾತು ಕಡಿಮೆ, ಕೈ ಚುರುಕು. ಅವನನ್ನು ಕರೆಸಿದೆ. ಅವನು ಮೇಲ್ ತಂತ್ರಾಂಶವನ್ನು ಮುಟ್ಟಲೇ ಇಲ್ಲ. ಮೊದಲು ಕಪ್ಪು ಪರದೆಯೊಂದನ್ನು ತೆರೆದು, ಗ್ನೂಪಿಜಿಯನ್ನು ನೇರವಾಗಿ ಕರೆದು, ಒಂದು ಸಾಲಿನ ಪತ್ರಕ್ಕೆ ಬೀಗ ಹಾಕಿ, ಬಿಚ್ಚಿ ತೋರಿಸಿದ.

“ಬೀಗ ಸರಿಯಾಗಿಯೇ ಇದೆ, ಫಾದರ್. ಬೀಗಕ್ಕೂ ಈ ತಂತ್ರಾಂಶಕ್ಕೂ ನಡುವೆ ಏನೋ ಕೆಟ್ಟಿದೆ” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಹೀಗೆ ಕೈಯಿಂದಲೇ ಬೀಗ ಹಾಕಿ ಕಳಿಸಬಹುದಿತ್ತಲ್ಲ ಫಾದರ್” ಎಂದೂ ಸೇರಿಸಿದ. ನಾನು ಕಳುಹಿಸಿದ ತೆರೆದ ಪತ್ರದ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ನಾನೂ ಆಗ ಹೇಳಲಿಲ್ಲ.

ಬೀಗಕ್ಕೂ ತಂತ್ರಾಂಶಕ್ಕೂ ನಡುವೆ ಇದ್ದುದು ಜಿಪಿಜಿಎಂಇ ಎಂಬ ಲೈಬ್ರರಿ. ಲೈಬ್ರರಿ ಎಂದೊಡನೆ ಪುಸ್ತಕದ ಕಪಾಟುಗಳನ್ನು ಕಲ್ಪಿಸಿಕೊಳ್ಳಬೇಡಿ. ಊರಿನ ಹಿಟ್ಟಿನ ಗಿರಣಿಯನ್ನು ನೆನೆಯಿರಿ. ಪ್ರತಿ ಮನೆಯೂ ಒಂದೊಂದು ಗಿರಣಿ ಇಟ್ಟುಕೊಳ್ಳುವುದಿಲ್ಲ. ರಾಗಿಯನ್ನು ಕೊಂಡೊಯ್ದು ಬೀಸಿಸಿಕೊಂಡು ಬರುತ್ತದೆ. ಹಾಗೆಯೇ ಬೀಗದ ಕೆಲಸವನ್ನು ಪ್ರತಿಯೊಂದು ಮೇಲ್ ತಂತ್ರಾಂಶವೂ ತಾನೇ ಬರೆದುಕೊಳ್ಳುವುದಿಲ್ಲ. ಈ ಲೈಬ್ರರಿಯನ್ನು ಕರೆಯುತ್ತದೆ, ಅದು ಗ್ನೂಪಿಜಿಯಿಂದ ಕೆಲಸ ಮಾಡಿಸಿಕೊಡುತ್ತದೆ. ಗ್ನೂಪಿಜಿಯನ್ನು ಸುಲಭಗೊಳಿಸಿದ್ದು ಎಂಬುದೇ ಅದರ ಹೆಸರಿನ ಅರ್ಥ. ಆದರೆ ಗಿರಣಿಗೂ ಬೆಳಗಿನ ಒಂದು ಸಿದ್ಧತೆ ಇರುತ್ತದಲ್ಲ? ಈ ಲೈಬ್ರರಿಗೂ ಹಾಗೆ. ಅದನ್ನು ಬಳಸುವ ಮೊದಲು, ಬೇರೆ ಯಾವ ಕೆಲಸವನ್ನೂ ಹೇಳುವ ಮೊದಲು, ಒಂದು ಆರಂಭದ ಕರೆಯನ್ನು ಕೊಡಬೇಕೆಂದು ಅದರ ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ಆ ಕರೆ ಬಂದಾಗಲೇ ಲೈಬ್ರರಿ ತನ್ನ ಒಳಗಿನ ಏರ್ಪಾಡುಗಳನ್ನು ಮಾಡಿಕೊಳ್ಳುವುದು.

ಆ ಕರೆಯ ಹೆಸರೇನು ಗೊತ್ತೇ? ‘ಚೆಕ್ ವರ್ಷನ್’. ಆವೃತ್ತಿಯನ್ನು ಪರೀಕ್ಷಿಸು ಎಂದರ್ಥ! ಈ ಹೆಸರನ್ನು ಕೇಳಿದ ಯಾರಿಗಾದರೂ ಏನನ್ನಿಸೀತು? ಲೈಬ್ರರಿ ಹಳೆಯದೋ ಹೊಸದೋ ಎಂದು ವಿಚಾರಿಸುವ ಕರೆ, ವಿಚಾರಿಸದಿದ್ದರೂ ನಡೆದೀತು ಎಂದಲ್ಲವೇ? ಪಂಪಿಗೆ ನೀರು ತುಂಬಿಸುವ ಕೆಲಸಕ್ಕೆ ‘ಪಂಪಿನ ವಯಸ್ಸು ಕೇಳುವುದು’ ಎಂದು ಹೆಸರಿಟ್ಟ ಹಾಗಾಯಿತು. ನಾನು ಬಳಸುತ್ತಿದ್ದ ಮೇಲ್ ತಂತ್ರಾಂಶವನ್ನು ಬರೆದವರಿಗೂ ಹಾಗೆಯೇ ಅನ್ನಿಸಿರಬೇಕು. ಅದರ ಹೆಸರನ್ನು ಹೇಳುವುದಿಲ್ಲ. ಬರೆದವರು ಒಂದು ಬಿಡಿಗಾಸೂ ಪಡೆಯದೆ ದುಡಿದವರು. ಅದರ ಸೋರ್ಸ್ ಕೋಡನ್ನು, ಅಂದರೆ ಮೂಲಬರಹವನ್ನು, ನಮ್ಮ ಹುಡುಗ ಮೊದಲಿಂದ ಕೊನೆಯವರೆಗೂ ಜಾಲಾಡಿದ. ಆ ಕರೆ ಒಂದು ಕಡೆಯೂ ಇರಲಿಲ್ಲ.

“ಹಾಗಾದರೆ ಇಷ್ಟು ವರ್ಷ ಹೇಗೆ ಕೆಲಸ ಮಾಡಿತಪ್ಪ?” ಎಂದು ಕೇಳಿದೆ.

“ಹಳೆಯ ಲೈಬ್ರರಿ ಸುಮ್ಮನೆ ಇತ್ತು ಫಾದರ್. ಹೊಸದು ಸುಮ್ಮನಿರುವುದಿಲ್ಲ” ಎಂದ.

ಮುಕ್ತ ತಂತ್ರಾಂಶದ ಒಂದು ದೊಡ್ಡ ಉಪಕಾರವೆಂದರೆ, ಲೈಬ್ರರಿಯ ಮೂಲಬರಹವನ್ನೂ ತೆರೆದು ನೋಡಬಹುದು. ಹೊಸ ಆವೃತ್ತಿಯೊಳಗೆ ಒಂದು ಗುರುತನ್ನು ಇಟ್ಟಿದ್ದರು. ಹುಟ್ಟುವಾಗಲೇ ಆ ಗುರುತಿನ ಮೇಲೆ ‘ಕಾರ್ಯಸಿದ್ಧವಲ್ಲ’ ಎಂದು ಬರೆದಿರುತ್ತದೆ. ಆರಂಭದ ಕರೆ ಬಂದು ಸಿದ್ಧತೆಗಳೆಲ್ಲ ನೆರವೇರಿದರೆ ಮಾತ್ರ ಆ ಬರಹ ಅಳಿಯುತ್ತದೆ. ಕರೆ ಕೊಡದೆ ಕೆಲಸ ಕೇಳಿದವರಿಗೆ ಲೈಬ್ರರಿ ಮೊದಲ ಹೆಜ್ಜೆಯಲ್ಲೇ ಇಲ್ಲವೆನ್ನುತ್ತದೆ. ಅಂದರೆ ಹೊಸದು ಕೆಟ್ಟಿರಲಿಲ್ಲ. ಮೊದಲಿನಿಂದಲೂ ಇದ್ದ ಲೋಪವನ್ನು ಅದು ಬಾಯಿಬಿಟ್ಟು ಹೇಳಿತ್ತು. ಬಾವಿಯ ದಡದಲ್ಲಿ ಬಿಂದಿಗೆ ಹಿಡಿದು ನಿಂತ ತಾಯಿ ನನಗೆ ನೆನಪಾದುದು ಆಗಲೇ.

ಒಂದು ಸಾಲು ಸೇರಿಸಿದರೆ ಮುಗಿಯಿತಲ್ಲ, ಬೇಗ ಸೇರಿಸು ಎಂದೆ. ಅವನು ಒಪ್ಪಲಿಲ್ಲ. ಮೊದಲು ದೋಷವನ್ನು ಕಣ್ಣಾರೆ ಕಾಣಬೇಕು, ನಾವು ಬಯಸಿದಾಗಲೆಲ್ಲ ಅದನ್ನು ಬರಿಸಲು ಸಾಧ್ಯವಾಗಬೇಕು, ಆಮೇಲೆ ತಿದ್ದುವುದು ಎಂದ. ಅವನ ಈ ಹಟಕ್ಕೆ ಕಾರಣವಿತ್ತು. ಅವನು ಕಾಲೇಜಿನಲ್ಲಿದ್ದಾಗ ನಡೆದ ಒಂದು ಘಟನೆ ಅವನ ಮನಸ್ಸಿನಲ್ಲಿ ನಾಟಿತ್ತು. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ 2006ರಲ್ಲಿ ಯಾರೋ ಒಬ್ಬರು ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಿಂದ ಎರಡು ಸಾಲುಗಳನ್ನು ತೆಗೆದರು. ಆರಂಭಿಸದ ಸ್ಮೃತಿಯನ್ನು ಬಳಸಲಾಗುತ್ತಿದೆ ಎಂದು ಒಂದು ಪರೀಕ್ಷಾ ಸಾಧನ ದೂರಿತ್ತು. ಆ ದೂರನ್ನು ನಿವಾರಿಸುವುದಷ್ಟೇ ಉದ್ದೇಶ. ಆದರೆ ಆ ಸಾಲುಗಳ ಜೊತೆಗೆ, ಕೀಲಿಗಳನ್ನು ಊಹಿಸಲಾಗದಂತೆ ಮಾಡುವ ಯಾದೃಚ್ಛಿಕತೆಯೂ ಹೊರಟುಹೋಯಿತು. ಲೆಕ್ಕವಿಲ್ಲದಷ್ಟು ಬಗೆಯಲ್ಲಿ ಹುಟ್ಟಬೇಕಾಗಿದ್ದ ಕೀಲಿಗಳು, ಒಂದೊಂದು ಬಗೆಯ ಯಂತ್ರದಲ್ಲಿ ಒಂದೊಂದು ಅಳತೆಗೆ ಸುಮಾರು 32 ಸಾವಿರ ಬಗೆಗಳಲ್ಲಿ ಮಾತ್ರ ಹುಟ್ಟತೊಡಗಿದವು. 2008ರ ಮೇ ತಿಂಗಳಿನವರೆಗೆ ಅದು ಬಯಲಾಗಲಿಲ್ಲ. ಅಷ್ಟು ದಿನವೂ ಬೀಗಗಳು ಬೀಳುತ್ತಿದ್ದವು, ಬಿಚ್ಚುತ್ತಿದ್ದವು. ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

“ಕೆಲಸ ಮಾಡುತ್ತಿದೆ ಎಂಬುದು ಪರೀಕ್ಷೆಯಲ್ಲ ಫಾದರ್” ಎಂದು ಅವನು ಮೆಲ್ಲಗೆ ಹೇಳಿದ. ಸೆಮಿನರಿಯಲ್ಲಿ ತರ್ಕಶಾಸ್ತ್ರ ಓದಿದ ನನಗೆ ಈ ಮಾತನ್ನು ಇಪ್ಪತ್ತೆರಡರ ಹುಡುಗನಿಂದ ಕೇಳಬೇಕಾಯಿತು.

ಹೀಗೆ ನಮ್ಮ ರಾತ್ರಿಗಳು ಆರಂಭವಾದವು. ಸಂಜೆಯ ಜಪಸರ ಮುಗಿದ ಮೇಲೆ ಅವನು ಬರುತ್ತಿದ್ದ. ಮಳೆಗಾಲವಾದ್ದರಿಂದ ಕರೆಂಟಿನ ಭರವಸೆಯಿಲ್ಲ; ಯುಪಿಎಸ್ ಕೀಚು ಕೀಚು ಎಂದು ಕೂಗಿಕೊಂಡರೆ ಹತ್ತೇ ನಿಮಿಷ, ಅಷ್ಟರೊಳಗೆ ಬರೆದುದನ್ನು ಉಳಿಸಬೇಕು. ನನ್ನ ಕೆಲಸ ಕಾಫಿ ಮಾಡುವುದು, ಮತ್ತು ಅವನು ಹೇಳಿದುದನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುವುದು: ಯಾವ ಲೈಬ್ರರಿ, ಯಾವ ಆವೃತ್ತಿ, ಏನು ಮಾಡಿದೆವು, ಏನಾಯಿತು. ಹಳೆಯ ಲೈಬ್ರರಿಯನ್ನು ಒಂದು ಪ್ರತ್ಯೇಕ ಜಾಗದಲ್ಲಿ ಕಟ್ಟಿದ, ಹೊಸದನ್ನು ಇನ್ನೊಂದರಲ್ಲಿ. ತಿದ್ದದ ತಂತ್ರಾಂಶ ಹಳೆಯದರ ಜೊತೆ ನಡೆಯಿತು, ಹೊಸದರ ಜೊತೆ ನಿಂತಿತು. ಹತ್ತು ಸಲ ಮಾಡಿದರೂ ಅಷ್ಟೇ. “ಈಗ ದೋಷ ನಮ್ಮ ಕೈಗೆ ಸಿಕ್ಕಿತು” ಎಂದು ಅವನು ನಕ್ಕಿದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಆಮೇಲೆ ಆ ಒಂದು ಸಾಲನ್ನು ಸೇರಿಸಿದ. ಬೀಗ ಬಿತ್ತು! ನಾನು ಎದ್ದು ಚಪ್ಪಾಳೆ ತಟ್ಟಿದೆ. ಅವನು ಮಾತ್ರ ಕುಳಿತೇ ಇದ್ದ.

ಪತ್ರಗಳಿಗೆ ಬೀಗ ಹಾಕುವ ಪದ್ಧತಿಗಳು ಎರಡಿವೆ. ನಾನು ಬಳಸುತ್ತಿದ್ದುದು ಓಪನ್‌ಪಿಜಿಪಿ. ಮತ್ತೊಂದು ಎಸ್‌ಮೈಮ್, ಪ್ರಮಾಣಪತ್ರಗಳ ಮೂಲಕ ನಡೆಯುವ ಅದನ್ನು ಹೆಚ್ಚಾಗಿ ಕಂಪನಿಗಳೂ ಕಚೇರಿಗಳೂ ಬಳಸುತ್ತವೆ. ತಂತ್ರಾಂಶದಲ್ಲಿ ಇವೆರಡಕ್ಕೂ ಬೇರೆ ಬೇರೆ ಬಾಗಿಲುಗಳು. ನಮ್ಮ ಹುಡುಗ ಸಾಲನ್ನು ಸೇರಿಸಿದ್ದು ಮೊದಲನೆಯ ಬಾಗಿಲಿನಲ್ಲಿ. ಎರಡನೆಯ ಬಾಗಿಲಿನಿಂದ ಮೊದಲು ಹೊಕ್ಕರೆ? ಅದೇ ‘ನಾಟ್ ಆಪರೇಷನಲ್’. ಮೊದಲನೆಯದನ್ನು ಹೊಕ್ಕು ಆಮೇಲೆ ಎರಡನೆಯದಕ್ಕೆ ಹೋದರೆ ಎಲ್ಲ ಸರಿ. ನೋಡಿ, ಇಂತಹ ತಿದ್ದುಪಡಿ ದೋಷಕ್ಕಿಂತಲೂ ಕೆಟ್ಟದ್ದು. ನನ್ನಂಥವನು ಅದನ್ನು ಜೀವಮಾನವಿಡೀ ಬಳಸಿ ಸರಿಯಿದೆಯೆಂದು ಸಾಕ್ಷಿ ಹೇಳುತ್ತಿದ್ದೆ; ಇನ್ನೆಲ್ಲಿಯೋ ಒಬ್ಬರು ಒಂದು ದಿನ ಕಂಗೆಡುತ್ತಿದ್ದರು.

ಇದಕ್ಕೆ ದಾರಿ ಸಿಕ್ಕಿದ್ದು ಮಟ್ ಎಂಬ ಮೇಲ್ ತಂತ್ರಾಂಶದಲ್ಲಿ. ಮೈಕೆಲ್ ಎಲ್ಕಿನ್ಸ್ 1995ರಲ್ಲಿ ಬರೆಯಲು ತೊಡಗಿದ, ಚಿತ್ರಗಳಿಲ್ಲದೆ ಬರೀ ಅಕ್ಷರಗಳ ಪರದೆಯಲ್ಲಿ ನಡೆಯುವ ಹಳೆಯ ಮುಕ್ತ ತಂತ್ರಾಂಶ ಅದು. ಮಟ್‌ನವರು ಎರಡು ಬಾಗಿಲುಗಳಿಗೂ ಸಾಮಾನ್ಯವಾದ ಒಂದು ಪುಟ್ಟ ಆರಂಭದ ಭಾಗವನ್ನು ಬರೆದಿದ್ದಾರೆ. ಯಾವ ಬಾಗಿಲಿನಿಂದ ಬಂದರೂ ಅದನ್ನೇ ಕರೆಯುವುದು. ಅದು ಒಮ್ಮೆ ನಡೆಯಿತೆಂದರೆ ‘ಆಗಿದೆ’ ಎಂದು ಗುರುತು ಹಾಕಿಕೊಂಡು, ಎರಡನೆಯ ಸಲ ಕರೆದಾಗ ಏನೂ ಮಾಡದೆ ಹಿಂತಿರುಗುತ್ತದೆ. ಇಷ್ಟೇ. ಆದರೆ ಇಷ್ಟನ್ನು ಬರೆಯಲು ಎರಡು ಬಾಗಿಲುಗಳಿವೆ ಎಂಬುದು ಮೊದಲು ಹೊಳೆಯಬೇಕು. ನಮ್ಮವನು ಅದೇ ಉಪಾಯವನ್ನು ಅನುಸರಿಸಿದ. ಆದರೆ ನನ್ನ ತಂತ್ರಾಂಶ ಹಿನ್ನೆಲೆಯಲ್ಲಿ ಬೇರೆ ಎಳೆಗಳನ್ನು ಬಿಟ್ಟು ಅಂಚೆ ತರುತ್ತಿದ್ದುದರಿಂದ, ಆ ಎಳೆಗಳು ಹುಟ್ಟುವ ಮುನ್ನ, ತಂತ್ರಾಂಶ ಕಣ್ಣು ಬಿಡುವಾಗಲೇ ಕರೆ ನಡೆಯುವಂತೆ ಇಟ್ಟ. ಇಲ್ಲದಿದ್ದರೆ ಇಬ್ಬರು ಒಟ್ಟಿಗೆ ಬಿಂದಿಗೆ ಹಿಡಿದು ಓಡಿಬಂದು ಡಿಕ್ಕಿ ಹೊಡೆದ ಹಾಗಾಗುತ್ತದೆ. ಅಂತಹ ದೋಷ ಒಮ್ಮೆ ಬರುತ್ತದೆ, ಹತ್ತು ಸಲ ಬರುವುದಿಲ್ಲ. ಹುಡುಕುವವರ ಪಾಡು ದೇವರಿಗೇ ಪ್ರೀತಿ.

ಇನ್ನೊಂದು ಸಂಗತಿ ಕನ್ನಡದಿಂದಲೇ ಬಯಲಾಯಿತು. ನನ್ನ ಕೀಲಿಯಲ್ಲಿ ನನ್ನ ಹೆಸರನ್ನು ಕನ್ನಡದಲ್ಲಿಯೇ ಬರೆದಿದ್ದೆ. ಗುಪ್ತಪದ ಕೇಳುವ ಕಿಟಕಿ ತೆರೆದಾಗ ಹೆಸರಿರಬೇಕಾದ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳ ಸಾಲು. ಲೈಬ್ರರಿಗೆ ಆರಂಭದಲ್ಲಿಯೇ ಭಾಷೆ ಯಾವುದು, ಅಕ್ಷರಗಳ ಸಂಕೇತ ಯಾವುದು ಎಂದೂ ತಿಳಿಸಬೇಕು. ಅದು ಅದನ್ನು ಗುಪ್ತಪದದ ಕಿಟಕಿಗೆ ದಾಟಿಸುತ್ತದೆ. ಇಂಗ್ಲಿಷಿನಲ್ಲಿ ಹೆಸರಿಟ್ಟವರಿಗೆ ಈ ಕೊರತೆ ಎಂದೂ ಗೊತ್ತಾಗುತ್ತಿರಲಿಲ್ಲ. ಅದಕ್ಕೂ ಎರಡು ಸಾಲು ಸೇರಿದವು.

ಆಮೇಲೆ ವಾರವಿಡೀ ಪರೀಕ್ಷೆ. ಸಹಿ ಹಾಕಿದ ಒಂದು ಕನ್ನಡ ಪತ್ರದಲ್ಲಿ ‘ಬರುತ್ತಾಳೆ’ ಎಂಬುದರ ಒಂದು ದೀರ್ಘವನ್ನು ತೆಗೆದು ‘ಬರುತ್ತಳೆ’ ಎಂದು ಮಾಡಿ, ತಂತ್ರಾಂಶ ಅದನ್ನು ಸುಳ್ಳು ಸಹಿಯೆಂದು ತಿರಸ್ಕರಿಸುತ್ತದೆಯೇ ಎಂದು ನೋಡಿದ. ತಿರಸ್ಕರಿಸಿತು. ಗ್ನೂಪಿಜಿಯನ್ನೇ ಅಡಗಿಸಿಟ್ಟು ನೋಡಿದ. ತನ್ನದೇ ತಿದ್ದುಪಡಿಯನ್ನು ಕಿತ್ತುಹಾಕಿ ದೋಷ ಮರಳಿ ಬರುವುದೇ ಎಂದು ನೋಡಿದ; ಬಂತು. ಹಾಗೆ ಬಂದರೆ ಮಾತ್ರ ಗುಣವಾದದ್ದು ನಮ್ಮ ಮದ್ದಿನಿಂದಲೇ ಎಂದು ತಿಳಿಯುವುದಂತೆ.

ಒಂದು ರಾತ್ರಿ ನಾನು ಹೇಳಿದೆ: “ಇನ್ನೂ ಒಂದು ಸೇರಿಸಪ್ಪ. ಬೀಗ ಬೀಳದಿದ್ದರೆ, ಬೀಗವಿಲ್ಲದೆ ಕಳುಹಿಸಬೇಕೇ ಎಂದು ಅದು ಕೇಳಲೇಬಾರದು. ನಿಂತುಬಿಡಬೇಕು.”

“ಅದು ಬೇರೆ ವಿಷಯ ಫಾದರ್. ಬೇರೆ ತೇಪೆ. ಒಂದರೊಳಗೆ ಇನ್ನೊಂದನ್ನು ತುರುಕಬಾರದು.”

“ಅದೇ ಮುಖ್ಯ ವಿಷಯ!” ನನ್ನ ಧ್ವನಿ ಏರಿತ್ತು.

ಅವನು ಕೈಯನ್ನು ಕೀಲಿಮಣೆಯಿಂದ ತೆಗೆದು ನನ್ನ ಕಡೆ ತಿರುಗಿದ. “ಕೇಳಿದರೆ ತಪ್ಪೇನು ಫಾದರ್? ಬೇಡ ಅನ್ನಬಹುದಲ್ಲ.”

ಆಗ ಹೇಳಿದೆ. ಯಾರ ವಿಷಯವೆಂದು ಹೇಳಲಿಲ್ಲ. ಪತ್ರವೊಂದನ್ನು ತೆರೆದು ಕಳುಹಿಸಿದೆನೆಂದಷ್ಟೇ ಹೇಳಿದೆ. ಲೈಬ್ರರಿ ಪ್ರಾಮಾಣಿಕವಾಗಿ ಆಗುವುದಿಲ್ಲವೆಂದಿತು. ತಂತ್ರಾಂಶವೂ ಒಮ್ಮೆ ಕೇಳಿ ಎಚ್ಚರಿಸಿತು. ಅವಸರಪಟ್ಟವನು ನಾನು. ನನ್ನ ತಪ್ಪನ್ನು ಇನ್ನೊಬ್ಬರ ಮೂಲಬರಹದಲ್ಲಿ ತಿದ್ದಿಸಲು ಹೊರಟಿದ್ದೆ. ಅವನು ಏನೂ ಹೇಳದೆ ಕಾಫಿ ಲೋಟಗಳನ್ನು ತೊಳೆದಿಟ್ಟು ಮನೆಗೆ ಹೋದ. ಮರುದಿನ ಎಂದಿನಂತೆ ಬಂದ.

ತಿದ್ದುಪಡಿಯನ್ನು ಆ ತಂತ್ರಾಂಶವನ್ನು ನೋಡಿಕೊಳ್ಳುವ ಸ್ವಯಂಸೇವಕರಿಗೆ ಕಳುಹಿಸಿದೆವು. ಮೂರು ವಾರ ಉತ್ತರವಿಲ್ಲ. ಕೊನೆಗೆ ಬಂದ ಉತ್ತರ ನಾಲ್ಕೇ ಸಾಲು. ಆರಂಭದ ಕರೆಗೆ ಲೈಬ್ರರಿ ಒಂದು ಉತ್ತರ ಕೊಡುತ್ತದೆ: ಬೇಕಾದಷ್ಟು ಹೊಸದಾಗಿದ್ದರೆ ತನ್ನ ಆವೃತ್ತಿಯ ಸಂಖ್ಯೆ, ಹಳೆಯದಾಗಿದ್ದರೆ ಶೂನ್ಯ. ನೀವು ಕರೆ ಕೊಟ್ಟಿದ್ದೀರಿ, ಉತ್ತರವನ್ನು ಕೇಳಿಸಿಕೊಂಡಿಲ್ಲ. ಅದನ್ನೂ ಪರಿಶೀಲಿಸಿ, ಹಳೆಯ ಲೈಬ್ರರಿಯೊಂದಿಗೂ ಪರೀಕ್ಷಿಸಿದ್ದರೆ ತಿಳಿಸಿ ಎಂದು ಅವರು ಬರೆದಿದ್ದರು. ಹುಡುಗನ ಮುಖ ಕೆಂಪಾಯಿತು. ಇಷ್ಟು ರಾತ್ರಿಗಳ ಎಚ್ಚರದಲ್ಲೂ ಅದೊಂದು ತಪ್ಪಿಹೋಗಿತ್ತು. ನನ್ನ ನೋಟುಪುಸ್ತಕ ಉಪಯೋಗಕ್ಕೆ ಬಂದದ್ದು ಆಗ. ಹಳೆಯ ಲೈಬ್ರರಿಯ ಫಲಿತಾಂಶಗಳೆಲ್ಲ ದಿನಾಂಕ ಸಮೇತ ಅದರಲ್ಲಿದ್ದವು. ಎರಡನೆಯ ಸಲ ಕಳುಹಿಸಿದ್ದು ಸ್ವೀಕೃತವಾಯಿತು. ಒಟ್ಟು ಹದಿನಾಲ್ಕು ಸಾಲು. ಬರೆದವರ ಜಾಗದಲ್ಲಿ ಅವನ ಹೆಸರು, ಪರೀಕ್ಷಿಸಿದವರ ಜಾಗದಲ್ಲಿ ನನ್ನದು. ಅವನ ತಾಯಿಗೆ ಅದನ್ನು ತೋರಿಸಿದಾಗ ಅವರು, “ಇದಕ್ಕೆ ಎಷ್ಟು ಕೊಡುತ್ತಾರೆ ಸ್ವಾಮಿ?” ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ. ಮುಂದಿನ ವರ್ಷ ಅವನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ.

ತಿದ್ದಿದ ತಂತ್ರಾಂಶದಿಂದ ನಾನು ಬೀಗ ಹಾಕಿ ಕಳುಹಿಸಿದ ಮೊದಲ ಪತ್ರ ಕೊಲ್ಲಿಯ ಆ ಗುರುಗಳಿಗೇ. ಇಂಥ ದಿನದ ನನ್ನ ಪತ್ರ ತೆರೆದೇ ಬಂದಿದೆ, ಅದರಲ್ಲಿದ್ದ ದಿನವನ್ನೂ ದಾರಿಯನ್ನೂ ಬದಲಾಯಿಸಿ ಎಂದು ಬರೆದೆ. ಅವರು ಅದನ್ನು ಮೊದಲೇ ಗಮನಿಸಿ, ಆಗಲೇ ಬದಲಾಯಿಸಿದ್ದರು.

ಅವಳು ಆ ವರ್ಷದ ಡಿಸೆಂಬರಿನಲ್ಲಿ ಮನೆ ಸೇರಿದಳು. ಕ್ರಿಸ್ಮಸ್ ಕಳೆದ ಮೇಲೆ ಅವರ ಮನೆಗೆ ಹೋಗಿ, ಅಂಗಳದಲ್ಲಿ ಕುಳಿತು, ಆ ತೆರೆದ ಪತ್ರದ ವಿಷಯವನ್ನು ಅವಳಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು.

“ಯಾರಾದರೂ ಓದಿದ್ದರೆ ಗೊತ್ತಾಗುತ್ತದೆಯೇ ಫಾದರ್?” ಎಂದಳು.

“ಗೊತ್ತಾಗುವುದಿಲ್ಲಮ್ಮ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ನನಗೊಂದು ಲೋಟ ಕಾಫಿ ತಂದು ಕೊಟ್ಟಳು. ಅನಂತರ, ತನ್ನಂತೆಯೇ ಅಲ್ಲಿ ಉಳಿದಿದ್ದ ಇನ್ನೊಬ್ಬಳು ಹುಡುಗಿಯ ಹೆಸರು ಹೇಳಿ, ಅವಳ ವಿಷಯವಾಗಿಯೂ ಪತ್ರ ಬರೆಯಲಾಗುತ್ತದೆಯೇ ಎಂದು ಕೇಳಿದಳು.